ಡಾಕ್ಟರಮ್ಮನಿಗೆ ಗೊತ್ತಿಲ್ಲದ್ದು

"ಇನ್ನೊಂಚೂರು ಎಳಿ ಅಜ್ಜಿ. ಬಲಗೈ ಬಂತಲ್ಲ, ಎಡಗೈ ತಾನಾಗೇ ಬರುತ್ತೆ," ಎನ್ನುತ್ತ ತಂಗಿ ತನ್ನ ಅಕ್ಕನ ಮೈಮೇಲೆ ಬಾಗಿ ನೀಲಿ ಅಂಗಿಯನ್ನು ಎಳೆಯುತ್ತಿದ್ದಳು. ಎಡಗೈ ತಾನಾಗಿ ಬರಲಿಲ್ಲ. ಬದುಕಿದ್ದಾಗಲೇ ಯಾರ ಮಾತನ್ನೂ ಕೇಳದ ಮೊಣಕೈ ಅದು, ಈಗ ಕೇಳೀತೇ? ಹಾಸಿಗೆಯ ಆಚೆ ಬದಿಯಲ್ಲಿ ಅಂಟಜ್ಜಿ ಮಂಡಿಯೂರಿ ಕೂತು ತೋಳಿನ ತುದಿ ಹಿಡಿದಿದ್ದಳು. ಬೈಂಡಿಂಗ್ ಮನೆಯಲ್ಲಿ ನಲವತ್ತು ವರ್ಷ ಪುಸ್ತಕಗಳ ಬೆನ್ನಿಗೆ ಅಂಟು ಬಳಿದ ಕೈ ಅವಳದು. ಹಿಡಿದದ್ದನ್ನು ಬಿಟ್ಟು ಗೊತ್ತಿಲ್ಲ. ಎಲ್ಲೋ ಒಂದು ಹೊಲಿಗೆ ಚರ್ ಎಂದಿತು.

"ಎಡಗೈ ಮೊದಲು," ಎಂದ ಅವಳ ಗಂಡ ನಲ್ಲಿಯಣ್ಣ, ಬಾಗಿಲಲ್ಲೇ ನಿಂತು.

ಯಾರೂ ತಿರುಗಲಿಲ್ಲ.

"ಎಡಗೈ ಮೊದಲು ಹಾಕ್ಬೇಕು ಕಣಮ್ಮ. ಎಡ ಮೊಣಕೈ ಬಗ್ಗಲ್ಲ ಅವಳಿಗೆ."

"ಭಾವ, ನೀವು ಸ್ವಲ್ಪ ಹೊರಗಿರಿ. ಇದು ಹೆಂಗಸರ ಕೆಲಸ. ಅಂಗಿ ತೊಡಿಸೋದು ನಿಮಗೇನು ಗೊತ್ತು?"

ಅವನಿಗೆ ಏನು ಗೊತ್ತು! ಹನ್ನೊಂದು ವರ್ಷ, ದಿನಾ ಬೆಳಿಗ್ಗೆ, ಪರದೆ ಎಳೆದ ಇದೇ ಕೋಣೆಯಲ್ಲಿ ಅವಳಿಗೆ ಅಂಗಿ ತೊಡಿಸಿದವನು ಅವನು. ಮೊದಲು ಎಡಗೈ, ಆಮೇಲೆ ಬೆನ್ನ ಹಿಂದಿನಿಂದ ಸುತ್ತಿ ಬಲಗೈ, ಕೊನೆಗೆ ಕೆಳಗಿನಿಂದ ಮೇಲಕ್ಕೆ ಗುಂಡಿ. ಆದರೆ ಅದನ್ನು ನೋಡಿದವರು ಯಾರು? ನೋಡಬಾರದೆಂದೇ ಪರದೆ ಎಳೆದದ್ದು. ಊರ ಕಣ್ಣಿಗೆ ಅವನು ಒಂದು ಲೋಟ ಎತ್ತಿಡದ ಗಂಡ. ಆ ಹೆಸರನ್ನು ಅವನೇ ಕಷ್ಟಪಟ್ಟು ಸಂಪಾದಿಸಿದ್ದ.

ಆಗ ಅವನ ಹಿಂದಿನಿಂದ ಯಾರೋ "ಸ್ವಲ್ಪ ದಾರಿ ಬಿಡ್ತೀರಾ?" ಎಂದರು. ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಒಂಬತ್ತು ವರ್ಷದಿಂದ ಅವನ ನಿದ್ದೆಗೆಡಿಸಿದ ದನಿ ಅದು. ಡಾಕ್ಟರಮ್ಮ ಚಪ್ಪಲಿ ಕಳಚಿ ನೇರ ಹಾಸಿಗೆಯ ಬಳಿ ಹೋದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮತ್ತೆ ಹಾಕಿಕೊಂಡರು.

"ಬಲಗೈ ತೆಗೀರಿ. ಎಡಗೈ ಮೊದಲು. ಮೊಣಕೈ ಕೆಳಗೆ ಅಂಗೈ ಕೊಟ್ಟು ಎತ್ತಿ, ಎಳೀಬೇಡಿ. ಹಾಂ."

ಅಂಗಿ ಮಾತು ಕೇಳಿದ ಮಗುವಿನ ಹಾಗೆ ಮೈಗೆ ಬಂತು.

"ನೋಡಿದ್ರಾ! ಡಾಕ್ಟರಮ್ಮ ಬಂದಿದ್ದಕ್ಕೆ ಆಯ್ತು," ಎಂದಳು ತಂಗಿ, ಭಾವನ ಮುಖವನ್ನೇ ನೋಡುತ್ತ. "ಅಕ್ಕನ ಮೈ ಅವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ ಬಿಡಿ."

ನಲ್ಲಿಯಣ್ಣ ಹೊರಗೆ ಹೋಗಿ ಜಗಲಿಯ ಮೆಟ್ಟಿಲ ಮೇಲೆ ನಿಂತ. ಹೆಂಡತಿ ಸತ್ತು ಇನ್ನೂ ಅರ್ಧ ದಿನವಾಗಿರಲಿಲ್ಲ. ಅವನಿಗೆ ಬರಬೇಕಾಗಿದ್ದ ಅಳು ಎಲ್ಲೋ ಅರ್ಧ ದಾರಿಯಲ್ಲಿ ಕಟ್ಟಿಕೊಂಡು, ಅದರ ಜಾಗದಲ್ಲಿ ಹೊಟ್ಟೆಕಿಚ್ಚು ಉಕ್ಕುತ್ತಿತ್ತು. ಡಾಕ್ಟರು ಗಂಡಸಾಗಿದ್ದರೆ ಆ ಕಿಚ್ಚಿಗೆ ಒಂದು ಹೆಸರಾದರೂ ಇರುತ್ತಿತ್ತು, ಜಗಳವನ್ನಾದರೂ ಆಡಬಹುದಿತ್ತು. ಇದಕ್ಕೆ ಹೆಸರೂ ಇಲ್ಲ, ಹೇಳಿಕೊಂಡರೆ ನಗುತ್ತಾರೆ.

* * *

ಬೈಂಡಿಂಗ್ ಮನೆಯಲ್ಲಿ ಅವಳನ್ನು ದಾರದಕ್ಕ ಎನ್ನುತ್ತಿದ್ದರು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಚಿ, ಪುಟದ ಲೆಕ್ಕಕ್ಕೆ ಜೋಡಿಸಿ, ಮಡಿಕೆಯ ನಟ್ಟನಡುವೆ ಸೂಜಿ ತೂರಿ ಹೊಲಿಯುವುದು ಅವಳ ಕೆಲಸ. ಹೊಲಿಯುವಾಗ ಕಣ್ಣಿಗೆ ಬೀಳುವುದು ಮಡಿಕೆಯ ನಡುವಿನ ಪುಟ ಮಾತ್ರ. ಹಾಗಾಗಿ ಅವಳಿಗೆ ಸಾವಿರ ಕಥೆಗಳ ನಡುವಿನ ಪುಟ ಗೊತ್ತಿತ್ತು. ಮೊದಲೂ ಗೊತ್ತಿಲ್ಲ, ಕೊನೆಯೂ ಗೊತ್ತಿಲ್ಲ. ಮಗಳು ಚಿಕ್ಕವಳಿದ್ದಾಗ ಕಥೆ ಹೇಳು ಎಂದರೆ, "ಆಮೇಲೆ ರಾಜ ಕುದುರೆಯಿಂದ ಬಿದ್ದ," ಎಂದೇ ಶುರು ಮಾಡುತ್ತಿದ್ದಳು. ಯಾವ ರಾಜ, ಯಾಕೆ ಬಿದ್ದ ಎಂದು ಕೇಳಿದರೆ, "ಅದು ಅಂಟಜ್ಜಿ ಹತ್ರ ಇರೋ ಹಾಳೇಲಿದೆ," ಎನ್ನುತ್ತಿದ್ದಳು.

ನಲವತ್ತಾರನೆಯ ವಯಸ್ಸಿಗೆ ಬೆರಳಿನ ಗಂಟುಗಳು ಊದಿದವು. ಮೊದಲು ಡಬ್ಬಿಯ ಮುಚ್ಚಳ ಸೋತಿತು. ಆಮೇಲೆ ಗುಂಡಿ, ಆಮೇಲೆ ಬಾಚಣಿಗೆ. ಒಂದೊಂದನ್ನೂ ನಲ್ಲಿಯಣ್ಣ ಸದ್ದಿಲ್ಲದೆ ತನ್ನ ಕೈಗೆ ತೆಗೆದುಕೊಂಡ. ಇಬ್ಬರೂ ಆ ವಿಷಯ ಮಾತಾಡಲಿಲ್ಲ. "ನೋವಿದೆಯಾ?" ಎಂದರೆ "ಪರವಾಗಿಲ್ಲ ರೀ," ಎನ್ನುವಳು. ಪರವಾಗಿಲ್ಲ ಎನ್ನುವ ಆ ಒಂದೇ ಮಾತನ್ನು ಅವನು ಸಾವಿರ ಸಲ ಕೇಳಿದ್ದ. ಅವಳ ಬಟ್ಟೆಯನ್ನು ಬೆಳಕು ಹರಿಯುವ ಮುಂಚೆ ಒಗೆದು ಒಳಕೋಣೆಯಲ್ಲೇ ಹರವುತ್ತಿದ್ದ. ಹಗಲು ಹೊತ್ತು ಬೀದಿಯವರ ಮನೆಗಳಲ್ಲಿ ನಲ್ಲಿ, ಪೈಪು ರಿಪೇರಿ ಮಾಡುತ್ತ, "ನಮ್ಮನೆಯವಳು ಮಾಡೋ ಥರ ಯಾರೂ ಮಾಡಲ್ಲ," ಎಂದು ಅಡುಗೆ ಹೊಗಳುತ್ತಿದ್ದ. ಅದು ಅವನೇ ಮಾಡಿಟ್ಟು ಬಂದ ಅಡುಗೆ.

ಅಂಗವೈಕಲ್ಯದ ಮಾಸಾಶನಕ್ಕೆ ಅರ್ಜಿ ಹಾಕು ಎಂದವಳು ಅಂಟಜ್ಜಿ. "ಇನ್ನೆಷ್ಟು ದಿನ ಹೊಲೀತೀಯೆ? ಬೆರಳು ಶುಂಠಿ ಥರ ಆಗಿದೆ." ಅರ್ಜಿ ಹೋಯಿತು. ಎರಡು ತಿಂಗಳ ಮೇಲೆ ಮಾಸಾಶನದ ಕಚೇರಿಯಿಂದ ಮನೆಗೇ ಒಬ್ಬ ಅಧಿಕಾರಿ ವಿಚಾರಣೆಗೆ ಬಂದ. ಇಪ್ಪತ್ತೈದರ ಹುಡುಗ, ಹೆಗಲಿಗೆ ಚೀಲ. ಅವನು ಬರುತ್ತಾನೆಂದು ನಲ್ಲಿಯಣ್ಣ ಬೆಳಗಿನ ಜಾವವೇ ಎದ್ದು ನೆಲ ತೊಳೆದು, ಪಾತ್ರೆ ಉಜ್ಜಿ, ಕಿಟಕಿಯ ಗಾಜು ಸಹ ಒರೆಸಿದ್ದ. ಬಂದವರು ಮನೆ ಗಲೀಜು ಅಂದುಕೊಂಡರೆ ಮರ್ಯಾದೆ ಏನಾಗಬೇಕು? ಅವಳಿಗೂ ಇದ್ದುದರಲ್ಲಿ ಒಳ್ಳೆ ಬಟ್ಟೆ ಉಡಿಸಿ, ತಲೆ ಬಾಚಿ ಕೂರಿಸಿದ್ದ. ಅಕ್ಕಪಕ್ಕದವರು ನಾಲ್ಕು ಜನ ಬಾಗಿಲಲ್ಲಿ ಬಗ್ಗಿ ನೋಡುತ್ತಿದ್ದರು.

"ಮನೆ ತುಂಬಾ ಚೆನ್ನಾಗಿ ಇಟ್ಕೊಂಡಿದೀರ. ಯಾರು ಮಾಡ್ತಾರೆ ಇದೆಲ್ಲ?" ಎಂದು ಅಧಿಕಾರಿ ಕೇಳಿದ.

ಬಾಗಿಲಲ್ಲಿದ್ದ ನಾಲ್ಕೂ ತಲೆಗಳು ಅವನ ಕಡೆ ತಿರುಗಿದವು. ಹೆಂಡತಿಯ ಒಳಬಟ್ಟೆ ಒಗೆಯುವವನು ಎಂದು ಆ ನಾಲ್ಕು ತಲೆಗಳೆದುರು ಹೇಳುವುದೇ?

"ಎಲ್ಲಾ ಇವಳೇ ಸಾರ್. ನಾನು ಒಂದು ಲೋಟ ಎತ್ತಿಡಲ್ಲ. ರಾಣಿ ಥರ ನಿಂತು ಮಾಡ್ತಾಳೆ."

ಅಧಿಕಾರಿ ಬರೆದುಕೊಂಡ. ಅವಳು ಗಂಡನನ್ನು ಒಂದು ಸಲ ನೋಡಿದಳು. ಕೋಪದ ನೋಟವಲ್ಲ. ಎತ್ತರದಿಂದ ಜಾರುತ್ತಿರುವ ಮಗುವನ್ನು ನೋಡಿದಂತೆ ನೋಡಿದಳು. "ಹೌದಾಮ್ಮ?" ಎಂದು ಅಧಿಕಾರಿ ಕೇಳಿದಾಗ, "ಹೌದು," ಎಂದಳು.

ಪತ್ರ ಬಂತು. ಮಗಳಿಗೆ ಆಗ ಹದಿನೆಂಟು. ಅವಳೇ ಗಟ್ಟಿಯಾಗಿ ಓದಿದಳು. "ಅರ್ಜಿದಾರರು ಮನೆಯ ಎಲ್ಲ ಕೆಲಸಗಳನ್ನು ಸ್ವತಃ ನಿರ್ವಹಿಸುತ್ತಾರೆಂದು ಪತಿಯ ಹೇಳಿಕೆಯಿಂದ ತಿಳಿದುಬಂದಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ." ಪತಿಯ ಹೇಳಿಕೆ ಎನ್ನುವಲ್ಲಿ ತಲೆಯೆತ್ತಿ ಅಪ್ಪನನ್ನು ನೋಡಿದಳು. ಅವತ್ತಿನಿಂದ ಅವಳು ಅಪ್ಪನ ಜೊತೆ ನೇರ ಮಾತಾಡಿದ್ದು ಕಡಿಮೆ. "ಅಮ್ಮಾ, ಅಪ್ಪಂಗೆ ಊಟಕ್ಕೆ ಬರೋಕೆ ಹೇಳು," ಎನ್ನುವಳು, ಅಪ್ಪ ಎದುರಿಗೇ ಕೂತಿರುವಾಗ.

ದಾರದಕ್ಕ ಇಷ್ಟೇ ಹೇಳಿದಳು: "ಹೋಗ್ಲಿ ಬಿಡಿ." ಮಾರನೆಯ ದಿನ ಬೈಂಡಿಂಗ್ ಮನೆಗೆ ಹೋದಳು. ಇನ್ನೂ ಎರಡು ವರ್ಷ ಹೋದಳು. ಸೂಜಿ ಹಿಡಿಯುವ ಬಲಗೈ ಆ ಎರಡು ವರ್ಷದಲ್ಲಿ ಹೋಯಿತು.

* * *

ಹತ್ತು ಗಂಟೆಗೆ ಶವದ ಪೆಟ್ಟಿಗೆ ಬಂತು. ಅವಳನ್ನು ಅದರಲ್ಲಿ ಮಲಗಿಸಿ ನಡುಮನೆಯಲ್ಲಿಟ್ಟರು. ಡಾಕ್ಟರಮ್ಮನಿಗೆ ಮನೆಯಲ್ಲಿದ್ದ ಒಂದೇ ಒಳ್ಳೆ ಕುರ್ಚಿ ಸಿಕ್ಕಿತು, ಅದೂ ತಲೆಯ ಪಕ್ಕದಲ್ಲೇ. ಕೇಳದಿದ್ದರೂ ಟೀ ಸಿಕ್ಕಿತು. ನಲ್ಲಿಯಣ್ಣ ಕಾಲಿನ ಬದಿಯಲ್ಲಿ ಗೋಡೆಗೊರಗಿ ನಿಂತಿದ್ದ.

ಬೈಂಡಿಂಗ್ ಮನೆಯಿಂದ ಬಂದವರಿಗೆಲ್ಲ ಅಂಟಜ್ಜಿ ಕಥೆ ಹೇಳುತ್ತಿದ್ದಳು. "ಮೂರು ಡಾಕ್ಟ್ರು ಕಣ್ರೇ! ಮೊದಲನೆಯವನು ವಯಸ್ಸಾಯ್ತು ಅಂದ. ನಲವತ್ತೆಂಟಕ್ಕೆ ವಯಸ್ಸಂತೆ, ಅವನ ಅಜ್ಜಿಗೆ ಹೇಳ್ಲಿ. ಎರಡನೆಯವನು ಮುಖಾನೇ ಎತ್ತಲಿಲ್ಲ, ಕಾಗದ ನೋಡ್ತಾ, ಬೆರಳು ಮಡಚ್ತೀರಲ್ಲ, ಮತ್ತೇನು ಅಂದ. ಆಮೇಲೆ ಈ ತಾಯಿ ಸಿಕ್ಕಿದ್ದು. ಎರಡು ಬಸ್ ಬದಲಾಯಿಸಿ ಹೋಗ್ತಿದ್ಲು, ತವರಿಗೆ ಹೋದ ಹಾಗೆ."

"ತವರು ಅಂದ್ರೆ ನಾನಿಲ್ವಾ?" ಎಂದಳು ತಂಗಿ, ಮೂಗೊರೆಸಿಕೊಳ್ಳುತ್ತ. "ನನ್ನ ಹತ್ರ ಒಂದು ದಿನ ಕಷ್ಟ ಹೇಳ್ಕೊಂಡೋಳಲ್ಲ."

"ನಿನ್ನ ಹತ್ರ ಹೇಳಿದ್ರೆ ಸಂಜೆ ಹೊತ್ತಿಗೆ ನಲ್ಲಿ ನೀರಿನ ಥರ ಎಲ್ರ ಮನೇಲೂ ಬರೋದು."

ಯಾರೋ ನಗು ತಡೆದುಕೊಂಡು ಕೆಮ್ಮಿದರು. ಸತ್ತ ಮನೆಯಲ್ಲೂ ಪೈಪೋಟಿ ನಡೆದಿತ್ತು: ತಂಗಿ ಜೋರಾಗಿ ಅತ್ತರೆ ಅಂಟಜ್ಜಿ ಇನ್ನೂ ಜೋರು. ಜೋರಾಗಿ ಅಳದವರು ಇಬ್ಬರೇ. ಒಬ್ಬರು ಡಾಕ್ಟರಮ್ಮ. ಅವರು ಸುಮ್ಮನೆ ಕೂತು, ಆ ಸೊಟ್ಟ ಬೆರಳುಗಳನ್ನು ಹಿಡಿದುಕೊಂಡಿದ್ದರು. ಇನ್ನೊಬ್ಬ ಅದನ್ನೇ ನೋಡುತ್ತಿದ್ದ. ಹಿಡಿದುಕೊಂಡದ್ದು ಬಲಗೈ. ಅದು ಅವನು ಬೀದಿ ದಾಟುವಾಗ ಹಿಡಿಯುತ್ತಿದ್ದ ಕೈ.

* * *

ಡಾಕ್ಟರಮ್ಮನ ಕೋಣೆಗೆ ಮೊದಲ ದಿನ ಗಂಡ ಹೆಂಡತಿ ಇಬ್ಬರೂ ಹೋಗಿದ್ದರು.

"ಬೆಳಿಗ್ಗೆ ಎದ್ದ ತಕ್ಷಣ ಮೊದಲು ಏನು ಕಷ್ಟ ಆಗುತ್ತೆ?" ಎಂದು ಡಾಕ್ಟರಮ್ಮ ಕೇಳಿದರು. ಅಂಥ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಅಂಥದ್ದೇನಿಲ್ಲ ಡಾಕ್ಟ್ರೇ, ಎದ್ದು ಸ್ವಲ್ಪ ಹೊತ್ತಿಗೆ ಸರಿಹೋಗ್ತಾಳೆ," ಎಂದ ನಲ್ಲಿಯಣ್ಣ.

"ಒಳ್ಳೆ ದಿನದ ಕಥೆ ಬೇಡ. ಕೆಟ್ಟ ದಿನ ಹೇಗಿರುತ್ತೆ?"

"ಕೆಟ್ಟ ದಿನ ಅಂದ್ರೆ, ಮೋಡ ಇದ್ದಾಗ ಸ್ವಲ್ಪ..."

"ನಾನು ಕೇಳಿದ್ದು ಅವರನ್ನ," ಎಂದು ಡಾಕ್ಟರಮ್ಮ ನಕ್ಕರು. "ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?"

ಬಾಗಿಲು ಮುಚ್ಚಿತು. ಹೊರಗೆ ಒಂದು ಬೆಂಚು, ಎದುರಿಗೆ ಬಿಳಿ ಗೋಡೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಒಳಗೆ ಒಬ್ಬಳು ಮಾತಾಡುತ್ತಿದ್ದಳು, ನಿಲ್ಲದೆ. ಆ ದನಿ ತನ್ನ ಹೆಂಡತಿಯದೆಂದು ನಂಬುವುದಕ್ಕೇ ಅವನಿಗೆ ಹೊತ್ತು ಹಿಡಿಯಿತು. ಇಪ್ಪತ್ತೆರಡು ವರ್ಷದಲ್ಲಿ ಅವಳು ಅವನ ಜೊತೆ ಅಷ್ಟುದ್ದ ಮಾತಾಡಿರಲಿಲ್ಲ. ತಡೆಯಲಾರದೆ ಎದ್ದು, ಕಸುಬಿನ ಅಭ್ಯಾಸದಂತೆ ಗೋಡೆಗೆ ಕಿವಿಯಿಟ್ಟ. ಗೋಡೆಯೊಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ಕೂದಲೆಳೆಯಷ್ಟು ತಪ್ಪದೆ ಹೇಳುವ ಕಿವಿ ಅದು. ಅವತ್ತು ಬರೀ ಗುಜುಗುಜು ಕೇಳಿಸಿತು.

"ಏನ್ ಮಾಡ್ತಿದೀರಾ?" ಎಂದಳು ಆ ಕಡೆ ಬಂದ ನರ್ಸು.

"ಪೈಪು... ಸೋರ್ತಿದೆಯಾ ಅಂತ."

"ಈ ಗೋಡೇಲಿ ಪೈಪೇ ಇಲ್ಲ."

ಒಳಗೆ ಅವಳು ನಕ್ಕಳು. ಆಮೇಲೆ ಅತ್ತಳು. ಬಾಗಿಲು ತೆರೆದಾಗ ಅವಳ ಮುಖ ತೊಳೆದಿಟ್ಟ ತಟ್ಟೆಯ ಹಾಗಿತ್ತು.

"ಏನು ಕೇಳಿದ್ರು?" ಎಂದ, ಬಸ್ಸಿನಲ್ಲಿ.

"ಏನೇನೋ."

"ನೀನೇನಂದೆ?"

"ಏನೇನೋ ಅಂದೆ ರೀ."

ಅಜ್ಜಿಯರು ಹೇಳುವ ಕಥೆಯಲ್ಲಿ ರಾಕ್ಷಸ ತನ್ನ ಜೀವವನ್ನು ಏಳು ಸಮುದ್ರದಾಚೆ ಒಂದು ಗಿಣಿಯ ಹೊಟ್ಟೆಯಲ್ಲಿ ಬಚ್ಚಿಡುತ್ತಾನಲ್ಲ, ಹಾಗೆ ಅವಳು ತನ್ನ ನೋವನ್ನೆಲ್ಲ ಒಯ್ದು ಎರಡು ಬಸ್ಸಿನಾಚೆಯ ಒಂದು ಕೋಣೆಯಲ್ಲಿ ಇಟ್ಟಳು. ಮೈ ಮಾತ್ರ ಅವನ ಮನೆಯಲ್ಲಿ ಉಳಿಯಿತು.

ಎರಡನೇ ಅರ್ಜಿಯ ಜೊತೆ ಡಾಕ್ಟರಮ್ಮ ಬರೆದ ವರದಿ ಆರು ಪುಟದ್ದಂತೆ. ಮಾಸಾಶನ ಮಂಜೂರಾಯಿತು, ಅವಳು ಬೈಂಡಿಂಗ್ ಮನೆ ಬಿಟ್ಟಳು. ನಲ್ಲಿಯಣ್ಣ ಸಹಿ ಮಾಡು ಎಂದಲ್ಲಿ ಸಹಿ ಮಾಡಿದ, ಒಂದಕ್ಷರ ಓದಲಿಲ್ಲ. ಓದಿದರೆ ಅದರಲ್ಲಿ ತನ್ನ ಹೆಸರು ಹೇಗೆ ಬಂದಿದೆಯೋ ಎಂಬ ಭಯ. ಆ ಬಾಗಿಲ ಹಿಂದೆ ಅವಳು ಹೇಳಿಯೇ ಇರಬೇಕು: ನನ್ನ ಗಂಡ ಮರ್ಯಾದೆಯ ಹುಚ್ಚಿಗೆ ಬಿದ್ದು ನನ್ನ ಕೈ ಕಳೆದ ಎಂದು. ಅಷ್ಟು ಹೊತ್ತು ಮಾತಾಡಿದವಳು ಅದೊಂದನ್ನು ಬಿಟ್ಟಿರುತ್ತಾಳೆಯೇ?

ತಿಂಗಳಿಗೊಮ್ಮೆ ಆ ಕೋಣೆಗೆ ಹೋಗುವ ದಿನ ಅವಳು ಬೇಗ ಏಳುವಳು. ಒಮ್ಮೆ ಅವನು ಹೊಟ್ಟೆಕಿಚ್ಚು ತಾಳಲಾರದೆ ಮನೆಯ ನೀರಿನ ವಾಲ್ವ್ ತಿರುಗಿಸಿ, "ಲೈನು ಒಡೆದಿದೆ, ಇವತ್ತು ಸ್ನಾನಕ್ಕೆ ನೀರಿಲ್ಲ, ಹೋಗೋದು ಬೇಡ," ಎಂದ. ಅವಳು ಹೂಜಿಯ ನೀರಿನಲ್ಲಿ ಮುಖ ತೊಳೆದುಕೊಂಡು, "ಬರೋ ಹೊತ್ತಿಗೆ ಸರಿಮಾಡಿರಿ," ಎಂದು ಹೊರಟೇಹೋದಳು. ಇನ್ನೊಮ್ಮೆ, ಇನ್ನೂ ಆಡುತ್ತಿದ್ದ ಒಂದೆರಡು ಬೆರಳುಗಳಿಂದಲೇ ಮೂರು ತಿಂಗಳು ಕೂತು ಒಂದು ಪುಟ್ಟ ನೋಟ್‌ಬುಕ್ ಹೊಲಿದಳು. ಹಸಿರು ಬಟ್ಟೆಯ ರಟ್ಟು, ಕೆಂಪು ದಾರ. ತನಗೇ ಇರಬೇಕು ಎಂದುಕೊಂಡಿದ್ದ. ಬಿಲ್ಲು ಬರೆಯಲು ಒಂದು ಪುಸ್ತಕ ಬೇಕೆಂದು ಎರಡು ಸಲ ಹೇಳಿಯೂ ಇದ್ದ. ಅದು ಡಾಕ್ಟರಮ್ಮನ ಮೇಜಿಗೆ ಹೋಯಿತು.

* * *

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ನಲ್ಲಿಯಣ್ಣ ಅಲ್ಲಿ ಹೋಗಿ ಸುಮ್ಮನೆ ನಿಂತಿದ್ದಾಗ ಡಾಕ್ಟರಮ್ಮ ಲೋಟ ತೊಳೆಯಲು ಬಂದರು.

"ಇಡಿ, ನಾನು ತೊಳೀತೀನಿ," ಎಂದ. ಲೋಟ ತೊಳೆದ. ಆಮೇಲೆ, ತೊಳೆದ ಲೋಟವನ್ನು ಹಿಡಿದುಕೊಂಡೇ, ಒಂಬತ್ತು ವರ್ಷದಿಂದ ಗಂಟಲಲ್ಲಿದ್ದುದನ್ನು ಕೇಳಿದ. "ಬಾಗಿಲು ಹಾಕ್ಕೊಂಡು ಅಷ್ಟು ಹೊತ್ತು ಏನು ಹೇಳ್ತಿದ್ಲು ಅವಳು?"

"ಅದನ್ನ ನಾನು ಹೇಳೋ ಹಾಗಿಲ್ಲ ಯಜಮಾನ್ರೇ. ಅವರ ಮಾತು ಅವರದ್ದು. ಈಗಲೂ ಅವರದ್ದೇ."

"ನಾನು ಅವಳ ಗಂಡ."

"ಗೊತ್ತು. ಎಡಗೈ ಮೊದಲು ಅಂತ ನನಗೆ ಹೇಗೆ ಗೊತ್ತಾಯ್ತು ಅಂದ್ಕೊಂಡ್ರಿ? ನಮ್ಮ ಯಜಮಾನ್ರು ಹೀಗೆ ತೊಡಿಸ್ತಾರೆ ಅಂತ ನನ್ನ ಕೋಟು ತಗೊಂಡು ತೋರಿಸಿದ್ರು. ಅದನ್ನ ಈಗ ನಾನು ನನ್ನ ಬೇರೆ ರೋಗಿಗಳ ಮನೆಯವರಿಗೆ ಹೇಳಿಕೊಡ್ತೀನಿ."

ನಲ್ಲಿಯಣ್ಣ ತೊಳೆದ ಲೋಟವನ್ನೇ ಇನ್ನೊಮ್ಮೆ ನೀರಿಗೆ ಹಿಡಿದ. ಆದರೂ ಕಿಚ್ಚು ಅಷ್ಟಕ್ಕೆ ಆರುವಂಥದ್ದಲ್ಲ. "ನನ್ನ ಮೇಲೆ ದೂರು ಹೇಳಿದ್ಲಾ? ಹೌದು, ಇಲ್ಲ, ಅಷ್ಟು ಹೇಳಿ ಸಾಕು. ಮೊದಲನೇ ಅರ್ಜಿ ಬಿದ್ದುಹೋಯ್ತಲ್ಲ, ಅದರ ಬಗ್ಗೆ."

ಡಾಕ್ಟರಮ್ಮ ಸ್ವಲ್ಪ ಯೋಚಿಸಿದರು. "ಅದು ಎರಡನೇ ಅರ್ಜೀಲೇ ಬರೆದಿದೆ, ನೀವೇ ಸಹಿ ಹಾಕಿದೀರ, ಹೇಳಬಹುದು. ಹಿಂದಿನ ಸಲ ಎಲ್ಲ ಕೆಲಸ ಅವಳೇ ಮಾಡ್ತಾಳೆ ಅಂದ್ರಲ್ಲ, ಈ ಸಲ ಯಾಕೆ ಬೇರೆ ಹೇಳ್ತೀರಾ ಅಂತ ಕಚೇರಿಯವರು ಕೇಳ್ತಾರೆ. ಕಾರಣ ಕೊಡಲೇಬೇಕು. ನಿಮ್ಮ ಗಂಡ ಯಾಕೆ ಹಾಗಂದ್ರು ಅಂತ ಕೇಳ್ದೆ. 'ಹಾಗೇ ಹೇಳಿ ಅಂತ ನಾನೇ ಆಣೆ ಹಾಕಿಸಿದ್ದೆ. ಅವರು ಬೇಡ ಬೇಡ ಅಂದ್ರು ಪಾಪ, ಮೂರು ದಿನ ಊಟ ಸೇರಲಿಲ್ಲ ಅವರಿಗೆ,' ಅಂದ್ರು."

ಲೋಟ ಅವನ ಕೈಯಲ್ಲೇ ಇತ್ತು.

"ನಾನು ಅವತ್ತು ಅವರನ್ನ ಚೆನ್ನಾಗಿ ಬೈದುಬಿಟ್ಟೆ," ಎಂದರು ಡಾಕ್ಟರಮ್ಮ. "ಯಾರ ಮುಂದೆ ದೊಡ್ಡವರಾಗೋಕೆ ಈ ಜಂಭ, ಬಲಗೈ ಕಳ್ಕೊಂಡ್ರಲ್ಲ ಅಂತ. ಒಂಬತ್ತು ವರ್ಷ, ಆಗಾಗ ಅದನ್ನೇ ಎತ್ತಿ ಆಡ್ತಿದ್ದೆ. ತಲೆ ತಗ್ಗಿಸಿ ನಗೋರು. ಇವತ್ತು ಬಸ್ಸಲ್ಲಿ ಬರ್ತಾ ಅದೇ ಕೊರೀತಿತ್ತು. ಅಷ್ಟು ಬೈಬಾರದಿತ್ತು."

ಅವರು ಹೋದ ಮೇಲೂ ಅವನು ಅಲ್ಲೇ ನಿಂತಿದ್ದ. ಮೊದಲು ಬಂದದ್ದು ದುಃಖವಲ್ಲ, ನಾಚಿಕೆಯೂ ಅಲ್ಲ. ಖುಷಿ! ಡಾಕ್ಟರಮ್ಮನಿಗೆ ಗೊತ್ತಿಲ್ಲದ್ದು ಒಂದಿದೆ! ಅಷ್ಟು ಹೊತ್ತು, ಅಷ್ಟು ಸಲ ಬಾಗಿಲು ಹಾಕಿಕೊಂಡು ಕೂತರೂ ಅವಳು ಒಂದನ್ನು ಕೊಡದೆ ಉಳಿಸಿಕೊಂಡಿದ್ದಳು. ಆ ಒಂದು ಇಡೀ ಲೋಕದಲ್ಲಿ ಅವಳಿಗೂ ಅವನಿಗೂ ಮಾತ್ರ ಗೊತ್ತು. ಈಗ ಅವನಿಗೆ ಮಾತ್ರ. ಕಲ್ಲುಸಕ್ಕರೆಯನ್ನು ಕೆನ್ನೆಯಲ್ಲಿಟ್ಟುಕೊಂಡವನ ಹಾಗೆ ಅವನು ನಡುಮನೆಗೆ ಬಂದ. ತಲೆಯ ಪಕ್ಕದ ಕುರ್ಚಿಯನ್ನು ಮೊದಲ ಸಲ ನೆಮ್ಮದಿಯಿಂದ ನೋಡಿದ. ಕೂತ್ಕೋ ತಾಯಿ, ಕೂತ್ಕೋ. ನಿನಗೆ ಗೊತ್ತಿಲ್ಲ.

ಆದರೆ ಅಡುಗೆಮನೆಯ ಬಾಗಿಲಾಚೆ ತಂಗಿ ನಿಂತಿದ್ದಳು. ಅಂಟಜ್ಜಿ ಸುಳ್ಳು ಹೇಳಿರಲಿಲ್ಲ. ಅರ್ಧ ಗಂಟೆಗೆ ಮಾತು ಎಲ್ಲರ ಮನೆಗೂ ಬಂತು.

"ಕೇಳಿದ್ರಾ? ಅಕ್ಕನೇ ಆಣೆ ಹಾಕಿಸಿದ್ದಂತೆ! ನಾವು ಪಾಪ ಭಾವನ್ನ ಬೈಕೊಂಡು ಓಡಾಡ್ತಿದ್ವಿ."

"ಅಯ್ಯೋ ಹುಚ್ಚೀ. ಎರಡು ವರ್ಷ ನನ್ನ ಪಕ್ಕ ಕೂತು ಹೊಲಿದ್ಲಲ್ಲೇ, ರಕ್ತ ಒರೆಸ್ಕೊಂಡು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕ್ಕೊಂಡ್ಲು."

"ಮೊದಲಿಂದ್ಲೂ ಜಂಭ ಅಕ್ಕಂಗೆ. ಚಿಕ್ಕೋಳಿದ್ದಾಗ್ಲೂ ಬಿದ್ರೆ ಬಿದ್ದಿಲ್ಲ ಅನ್ನೋಳು."

ಪೆಟ್ಟಿಗೆಯೊಳಗೆ ಅವಳು ನೀಲಿ ಅಂಗಿ ತೊಟ್ಟು, ಎಲ್ಲವನ್ನೂ ಕೇಳಿಸಿಕೊಂಡು ಮಲಗಿದ್ದಳು. ಕೆನ್ನೆಯ ಸಕ್ಕರೆ ಕಹಿಯಾಗತೊಡಗಿತು.

ಆಗ ಮಗಳು ಬಂದಳು. ಕೈಯಲ್ಲಿ ಟೀ ಇತ್ತು. ಅಮ್ಮನ ಮೂಲಕ ಹೇಳಿಸಲು ಇನ್ನು ಅಮ್ಮನಿರಲಿಲ್ಲ.

"ಅಪ್ಪ, ಬೆಳಿಗ್ಗೆಯಿಂದ ಏನೂ ಕುಡಿದಿಲ್ಲ ನೀನು." ಅವಳು ಅವನ ತೋಳಿಗೆ ತಲೆಯಿಟ್ಟಳು. "ಯಾಕೆ ಹೇಳಲಿಲ್ಲಪ್ಪ? ಹನ್ನೊಂದು ವರ್ಷ ನಿನ್ನ ಮುಖ ಕಂಡ್ರೆ ಉರೀತಿದ್ದೆ ನಾನು. ಅಮ್ಮ ಹೇಳಿಸಿದ್ದು ಅಂತ ಒಂದು ಮಾತು ಅನ್ನಬಾರದಿತ್ತಾ?"

ಅವನು ಟೀ ಕುಡಿದ. ಮಗಳ ತಲೆ ತೋಳಿನ ಮೇಲೆ ಬಿಸಿಯಾಗಿತ್ತು. ಅವಳು ಆರು ವರ್ಷದವಳಿದ್ದಾಗ ಬಸ್ಸಿನಲ್ಲಿ ಹಾಗೆ ಒರಗಿ ನಿದ್ದೆ ಮಾಡುತ್ತಿದ್ದಳು. ಸುಮ್ಮನಿದ್ದರಾಯಿತು. ಸುಮ್ಮನಿದ್ದರೆ ಮಗಳು ಸಿಕ್ಕಳು, ಮರ್ಯಾದೆ ಸಿಕ್ಕಿತು, ಡಾಕ್ಟರಮ್ಮನಿಗಿಲ್ಲದ ಗುಟ್ಟೂ ಸಿಕ್ಕಿತು. ಹೆಂಡತಿಯೇ ಮೂಟೆ ಕಟ್ಟಿ ಕೊಟ್ಟುಹೋದದ್ದು. ಬೇಡ ಎನ್ನಲು ಅವನಿಗೆ ಹುಚ್ಚೇ?

ಮಧ್ಯಾಹ್ನ ವ್ಯಾನು ಬಂತು. ಪೆಟ್ಟಿಗೆಯನ್ನು ಹಿಂದಿನ ಬಾಗಿಲಿನಿಂದ ಒಳಗಿಟ್ಟರು. ಅದರ ಪಕ್ಕಕ್ಕೆ ಗೋಡೆಗಂಟಿದ ಒಂದು ಕಿರಿದಾದ ಬೆಂಚು.

"ಒಳಗೆ ಇಬ್ರೇ," ಎಂದ ಡ್ರೈವರು. "ಬಾಕಿಯವರು ಹಿಂದೆ ಬಸ್ಸಲ್ಲಿ ಬನ್ನಿ."

"ಒಡಹುಟ್ಟಿದವಳು ನಾನು," ಎಂದಳು ತಂಗಿ.

"ಚಿಕ್ಕಮ್ಮ, ಅಪ್ಪ ನಾನು ಕೂರ್ತೀವಿ," ಎಂದು ಮಗಳು ಅಪ್ಪನ ಕೈ ಹಿಡಿದು ಹತ್ತಿಸಿದಳು. ತಾನೂ ಹತ್ತಲು ಒಂದು ಕಾಲು ಎತ್ತಿದ್ದಳು.

ಡಾಕ್ಟರಮ್ಮ ಕೆಳಗೆ ನಿಂತು, ಪೆಟ್ಟಿಗೆಯ ಅಂಚನ್ನು ಮೆಲ್ಲಗೆ ತಟ್ಟಿದರು. "ಹೋಗಿ ಬನ್ನಿ, ಜಂಭದ ಅಮ್ಮ," ಎಂದರು. ಪ್ರೀತಿಯಿಂದಲೇ ಎಂದರು. ಸುತ್ತಲಿದ್ದವರೂ ಪ್ರೀತಿಯಿಂದಲೇ ತಲೆಯಾಡಿಸಿದರು.

"ಅವಳು ಹೇಳಿಸಿದ್ದಲ್ಲ," ಎಂದ ನಲ್ಲಿಯಣ್ಣ.

"ಏನಪ್ಪ?"

"ಆಣೆ ಗೀಣೆ ಏನೂ ಹಾಕಿಸಲಿಲ್ಲ. ಬಾಗಿಲಲ್ಲಿ ಜನ ನಿಂತಿದ್ರು. ಹೆಂಡತಿ ಬಟ್ಟೆ ಒಗೀತೀನಿ ಅಂತ ಹೇಳೋಕೆ ನನಗೆ ನಾಚಿಕೆ ಆಯ್ತು. ನನ್ನ ಬಾಯಿಂದ ನಾನೇ ಹೇಳಿದ್ದು. ಅವಳು ಹೌದು ಅಂದಿದ್ದು ನನ್ನ ಮಾನ ಉಳಿಸೋಕೆ." ಅವನು ಮಗಳನ್ನು ನೋಡಲಿಲ್ಲ, ಡಾಕ್ಟರಮ್ಮನನ್ನೇ ನೋಡಿ ಹೇಳಿದ. "ಮೂರು ದಿನ ಊಟ ಸೇರಲಿಲ್ಲ ಅನ್ನೋದೂ ಸುಳ್ಳು. ಅವತ್ತು ಚೆನ್ನಾಗೇ ಉಂಡೆ ನಾನು."

ಅಂಟಜ್ಜಿ ಬಾಯಿಗೆ ಕೈ ಅಡ್ಡ ಇಟ್ಟಳು. ಮಗಳ ಎತ್ತಿದ ಕಾಲು ಮೆಲ್ಲಗೆ ನೆಲಕ್ಕಿಳಿಯಿತು. ಅವನ ಕೈಯಲ್ಲಿದ್ದ ಅವಳ ಕೈಯೂ ಇಳಿಯಿತು.

"ನಾನು ಬಸ್ಸಲ್ಲಿ ಬರ್ತೀನಿ," ಎಂದು ಚಿಕ್ಕಮ್ಮನಿಗೆ ಹೇಳಿ ಅವಳು ಹಿಂದೆ ನಡೆದಳು.

ಡಾಕ್ಟರಮ್ಮ ಅವನನ್ನು ನೋಡುತ್ತಿರಲಿಲ್ಲ. ಪೆಟ್ಟಿಗೆಯನ್ನು ನೋಡುತ್ತಿದ್ದರು. ಒಂಬತ್ತು ವರ್ಷ ತನ್ನಿಂದ ಬೈಸಿಕೊಂಡು ತಲೆ ತಗ್ಗಿಸಿ ನಕ್ಕವಳನ್ನು, ಆರು ಪುಟ ಬರೆದರೂ ತನಗೆ ಸಿಗದೆ ಉಳಿದವಳನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ಏನೋ ಚುರುಕ್ಕೆಂದು ಹಾದುಹೋಯಿತು. ಬೇರೆ ಯಾರಿಗೂ ಅದು ಕಾಣಲಿಲ್ಲ. ನಲ್ಲಿಯಣ್ಣನಿಗೆ ಮಾತ್ರ ಕಂಡಿತು. ಆ ಉರಿಯನ್ನು ಅವನಷ್ಟು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

"ಯಾರ್ರೀ ಇನ್ನೊಬ್ರು? ಹೊತ್ತಾಯ್ತು," ಎಂದ ಡ್ರೈವರು.

ನಲ್ಲಿಯಣ್ಣ ಬೆಂಚಿನ ಮೇಲೆ ಒಂದು ಗೇಣು ಆಚೆ ಸರಿದ. "ಬನ್ನಿ," ಎಂದ.

ಡಾಕ್ಟರಮ್ಮ ಹತ್ತಿ ಕೂತರು. ಬಾಗಿಲು ಹಾಕಿ ವ್ಯಾನು ಹೊರಟಿತು. ಬೀದಿಯ ಕೊನೆಯ ತಿರುವಿನಲ್ಲಿ ಪೆಟ್ಟಿಗೆ ಜಾರಿತು. ಇಬ್ಬರ ಕೈಗಳೂ ಒಟ್ಟಿಗೇ ಮುಂದೆ ಚಾಚಿದವು. ಅವನದು ಸ್ವಲ್ಪ ಮೊದಲು ಮುಟ್ಟಿತು. ಮುಂದಿನ ತಿರುವು ಬರುವುದಕ್ಕೆ ಇನ್ನೂ ದೂರವಿತ್ತು; ಅವನು ಕೈ ತೆಗೆಯಲಿಲ್ಲ.